ವೆಬ್ ಶೀರ್ಷಿಕೆ: ಕತ್ತರಿ ಬೀಳುವುದು ಬಾಲಕ್ಕೆ

ಮಾನ್ಯ ಸಂಪಾದಕರೇ,

ಮುದ್ರಿತ ಪುಟಕ್ಕೆ ಬರೆದ ಶೀರ್ಷಿಕೆಯನ್ನೇ ವೆಬ್‌ಸೈಟಿಗೂ ಅಂಟಿಸುವ ರೂಢಿ ಪತ್ರಿಕೆಗಳಲ್ಲಷ್ಟೇ ಅಲ್ಲ, ಕಂಪನಿಗಳ ಮತ್ತು ಸಂಸ್ಥೆಗಳ ಕನ್ನಡ ಜಾಲತಾಣಗಳಲ್ಲೂ ಇದೆ. ಕಾಗದದಲ್ಲಿ ಶೀರ್ಷಿಕೆಯ ಪಕ್ಕ ಚಿತ್ರವಿರುತ್ತದೆ, ಕೆಳಗೇ ವಿಷಯವಿರುತ್ತದೆ. ಶ್ಲೇಷೆ ಮಾಡಿದರೂ ನಡೆದೀತು. ಹುಡುಕಾಟದ ಫಲಿತಾಂಶದಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಹಂಚಿದ ಲಿಂಕಿನಲ್ಲಿ ಶೀರ್ಷಿಕೆ ಬಹುಮಟ್ಟಿಗೆ ಒಂಟಿ. ಅಲ್ಲಿ ಪೂರ್ತಿ ಕಾಣಿಸುತ್ತದೆಂಬ ಖಾತರಿಯೂ ಇಲ್ಲ.

ಕನ್ನಡಕ್ಕೆ ಪೆಟ್ಟು ಬೀಳುವುದು ಇಲ್ಲೇ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ‘ಬೇಡ’, ‘ಬಾರದು’ಗಳಂತೂ ಅದರ ಬಾಲದಲ್ಲಿರುತ್ತವೆ. ‘ಲ್ಯಾಪ್‌ಟಾಪ್ ಕೀಬೋರ್ಡ್ ಮೇಲೆ ಆಕಸ್ಮಿಕವಾಗಿ ನೀರು ಚೆಲ್ಲಿದರೆ ತಕ್ಷಣ ಆನ್ ಮಾಡಿ ಪರೀಕ್ಷಿಸಲು ಹೋಗಬಾರದು’ ಎಂದು ಬರೆದಿರೆನ್ನಿ. ‘ತಕ್ಷಣ ಆನ್ ಮಾಡಿ...’ ಎಂಬಲ್ಲಿಗೆ ಅದು ತುಂಡಾದರೆ ಓದುಗರಿಗೆ ತಲುಪುವುದು ತದ್ವಿರುದ್ಧ ಸಲಹೆ! ಇದನ್ನೇ ‘ಲ್ಯಾಪ್‌ಟಾಪ್ ಮೇಲೆ ನೀರು: ಆನ್ ಮಾಡಬೇಡಿ, ಚಾರ್ಜರ್ ಕೀಳಿ’ ಎಂದರೆ ಉದ್ದ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ವಿಷಯ ಮುಂದೆ ಬರುತ್ತದೆ, ಎಚ್ಚರಿಕೆ ಕತ್ತರಿಗೆ ಸಿಗುವುದಿಲ್ಲ. ‘ಆಕಸ್ಮಿಕವಾಗಿ’ ಎಂಬ ಪದ ಹೋದದ್ದರಿಂದ ನಷ್ಟವೇನೂ ಇಲ್ಲ. ಬೇಕೆಂದೇ ಯಾರೂ ನೀರು ಸುರಿಯುವುದಿಲ್ಲ.

‘60 ಅಕ್ಷರ ಮೀರಬೇಡಿ’ ಎಂಬ ಜನಪ್ರಿಯ ಸಲಹೆ ಇಂಗ್ಲಿಷಿನ ಅಳತೆ. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಸಂಕೇತಗಳ ಲೆಕ್ಕದಲ್ಲಿ ಆರು. ಎಣಿಸುವ ಉಪಕರಣಗಳಲ್ಲಿ ಹಲವು ಆರು ಎಂದೇ ತೋರಿಸುತ್ತವೆ. ಆದರೆ ಗೂಗಲ್ ಕತ್ತರಿಸುವುದು ಪರದೆಯಲ್ಲಿ ಸಿಗುವ ಅಗಲ ನೋಡಿ. ಡೆಸ್ಕ್‌ಟಾಪಿನಲ್ಲಿ ಅದು ಸುಮಾರು 600 ಪಿಕ್ಸೆಲ್. ಆದ್ದರಿಂದ ಎಣಿಕೆ ಬಿಟ್ಟು, ಫಲಿತಾಂಶದ ಮಾದರಿ ತೋರಿಸುವ ಉಪಕರಣದಲ್ಲಿ ಹಾಕಿ ಕಣ್ಣಾರೆ ನೋಡುವುದೇ ಸರಿ. ಮೊದಲ ಮೂರು ನಾಲ್ಕು ಪದಗಳಲ್ಲಿ ವಿಷಯ ಗೊತ್ತಾಗದಿದ್ದರೆ ಮತ್ತೆ ಬರೆಯಬೇಕು.

‘ಇಲ್ಲಿದೆ ಸಂಪೂರ್ಣ ಮಾಹಿತಿ’ ಎಂಬ ಬಾಲ ಈಗ ಎಲ್ಲೆಲ್ಲೂ ಕಾಣುತ್ತದೆ. ಇಲ್ಲಲ್ಲದೆ ಇನ್ನೆಲ್ಲಿರಬೇಕಿತ್ತು? ಕಂಪನಿಗಳ ಮುಖಪುಟದಲ್ಲಿ ಇದರ ಜಾಗಕ್ಕೆ ‘ಸುಸ್ವಾಗತ’, ‘ಗುಣಮಟ್ಟವೇ ನಮ್ಮ ಉಸಿರು’ ಇರುತ್ತವೆ. ಆ ಸಾಲನ್ನು ಪ್ರತಿಸ್ಪರ್ಧಿಯ ಹೆಸರಿನ ಕೆಳಗಿಟ್ಟು ಓದಿ. ಅಲ್ಲೂ ಒಪ್ಪಿದರೆ ಅದು ಏನನ್ನೂ ಹೇಳುತ್ತಿಲ್ಲ. ‘ಕೆಟ್ಟ ಹಾರ್ಡ್ ಡಿಸ್ಕಿನಿಂದ ಫೈಲುಗಳನ್ನು ಮರಳಿ ತೆಗೆದುಕೊಡುತ್ತೇವೆ’ ಎಂಬುದರಲ್ಲಿ ಕಾವ್ಯವಿಲ್ಲ, ಆದರೆ ಬೇಕಾದವರು ನಿಲ್ಲುತ್ತಾರೆ.

ಪುಟದ ಕೋಡಿನಲ್ಲಿ ಬರೆಯುವ ಟೈಟಲ್ ಟ್ಯಾಗ್ ಮತ್ತು ಎಚ್1 ಟ್ಯಾಗ್ ಬೇರೆ ಬೇರೆ ಎಂಬುದನ್ನೂ ಹಲವರು ಗಮನಿಸುವುದಿಲ್ಲ. ಟೈಟಲ್ ಕಾಣುವುದು ಬ್ರೌಸರಿನ ಟ್ಯಾಬಿನಲ್ಲಿ, ಹುಡುಕಾಟದಲ್ಲಿ. ಎಚ್1 ಪುಟದೊಳಗಿನ ದೊಡ್ಡ ಶೀರ್ಷಿಕೆ. ಟೈಟಲಿನಲ್ಲಿ ತಾಣದ ಹೆಸರು ಮೊದಲಿಗಿದ್ದರೆ ಇರುವ ಜಾಗವನ್ನು ಅದೇ ನುಂಗುತ್ತದೆ. ಕೊನೆಗಿರಲಿ, ಕತ್ತರಿಸಿ ಹೋದರೂ ಚಿಂತೆಯಿಲ್ಲ. ಎಲ್ಲ ಪುಟಗಳಿಗೂ ಒಂದೇ ಟೈಟಲ್ ಕೊಟ್ಟರೆ ಗೂಗಲ್ ಅದನ್ನು ಬಿಟ್ಟು ಪುಟದ ಬೇರೆ ಸಾಲನ್ನು ಎತ್ತಿ ತೋರಿಸಬಹುದು.

ಉಪಶೀರ್ಷಿಕೆಗಳನ್ನು ಬರಿದೇ ಬೋಲ್ಡ್ ಮಾಡಿ ಬಿಡಬಾರದು. ಪರದೆಯ ಪಠ್ಯವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಬಳಸುವವರು ಒಂದು ಕೀಲಿ ಒತ್ತಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಜಿಗಿಯುತ್ತಾರೆ. ಉಪಶೀರ್ಷಿಕೆಗಳಿಗೆಂದೇ ಇರುವ ಎಚ್2, ಎಚ್3 ಟ್ಯಾಗ್ ಇಲ್ಲದ ದಪ್ಪಕ್ಷರ ಆ ಜಿಗಿತಕ್ಕೆ ಸಿಗುವುದಿಲ್ಲ. ಚಂದದ ಫಾಂಟಿನ ಆಸೆಗೆ ಶೀರ್ಷಿಕೆಯನ್ನು ಚಿತ್ರವಾಗಿಸಿ, ಚಿತ್ರದ ಬದಲು ಓದಿ ಹೇಳಲು ಬೇಕಾದ ಪರ್ಯಾಯ ಪಠ್ಯವನ್ನೂ ಕೊಡದಿದ್ದರೆ ಅವರ ಪಾಲಿಗೆ ಅಲ್ಲಿ ಶೀರ್ಷಿಕೆಯೇ ಇಲ್ಲ. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನ ಪಠ್ಯವನ್ನು ಪರಿವರ್ತಿಸದೆ ಅಂಟಿಸಿದರಂತೂ ಕಾಣುವುದು ಅರ್ಥವಾಗದ ಚಿಹ್ನೆಗಳು ಮಾತ್ರ.

ಇನ್ನೊಂದು ಸಣ್ಣ ವಿಷಯ, ವಿನ್ಯಾಸಕಾರರಿಗೆ. ಸಿದ್ಧ ಟೆಂಪ್ಲೇಟುಗಳಲ್ಲಿ ಶೀರ್ಷಿಕೆಯ ಲೈನ್-ಹೈಟ್ (ಅಕ್ಷರದ ಗಾತ್ರಕ್ಕೆ ಹೋಲಿಸಿದ ಸಾಲಿನ ಎತ್ತರ) ಹೆಚ್ಚಾಗಿ 1.1 ಅಥವಾ 1.2 ಇರುತ್ತದೆ. ಎರಡು ಸಾಲಿನ ಕನ್ನಡ ಶೀರ್ಷಿಕೆಯಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಬಹುದು. 1.4ರಿಂದ 1.5 ಇಡಿ, ಆಮೇಲೆ ‘ರಾಷ್ಟ್ರೀಯ’, ‘ತಂತ್ರಜ್ಞಾನ’ದಂಥ ಪದಗಳನ್ನು ಹಾಕಿ ಮೊಬೈಲಿನಲ್ಲೇ ನೋಡಿ.

ಇತಿ,
ಕನ್ನಡ ಜಾಲತಾಣಗಳಿಗೆ ಬರೆಯುವ ಕೆಲವರು