ಹಸಿರು ಹಣ್ಣು ಯಾಕೆ ಬಂತು, ಬಾಕ್ಸಿಗೆ 40 ರೂಪಾಯಿ ಯಾಕೆ ಹೆಚ್ಚಾಯಿತು

ಮಾನ್ಯ ಗ್ರಾಹಕರೇ, ನಮಸ್ಕಾರ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರದಿಂದ ಬರೆಯುತ್ತಿದ್ದೇನೆ. ನಿಮ್ಮ ಮನೆಗೆ ಮಾವಿನ ಬಾಕ್ಸ್ ಕಳಿಸುವ ನಮ್ಮ ಬೆಳೆಗಾರರ ಸಂಘದ ಬಗ್ಗೆ ನಿಮಗೆ ಹೊಸದಾಗಿ ಹೇಳುವಂಥದ್ದೇನೂ ಇಲ್ಲ. ನಮ್ಮ ಶೆಡ್ಡಿಗೇ ಬಂದು, ಕ್ರೇಟಿನ ಮೇಲೆ ಕೂತು ಹಣ್ಣು ತಿಂದು ಹೋದವರು ನಿಮ್ಮಲ್ಲಿ ಎಷ್ಟೋ ಜನ ಇದ್ದೀರಿ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ. ಈ ಮೇ ತಿಂಗಳಿನಿಂದ ಬಾಕ್ಸಿಗೆ ಹೋಗುವ ಮಾವು ಬಲಿತಿದೆಯೇ, ಯಾವ ದಿನಕ್ಕೆ ಹಣ್ಣಾಗುತ್ತದೆ ಅಂತ ಮೊದಲು ಕ್ಯಾಮೆರಾ ನೋಡುತ್ತದೆ, ಆಮೇಲೆ ನಮ್ಮ ಕೈ. ಇದನ್ನು ಸೀಸನ್ ಶುರುವಾಗುವ ಮೊದಲೇ ನಿಮಗೆ ತಿಳಿಸಬೇಕಿತ್ತು. ತಿಳಿಸಲಿಲ್ಲ. ಆ ತಪ್ಪು ನನ್ನದೇ.

ಇನ್ನೊಂದು ತಪ್ಪೂ ಇದೆ, ಅದನ್ನೂ ಈಗಲೇ ಒಪ್ಪಿಕೊಂಡುಬಿಡುತ್ತೇನೆ. ಮೊದಲ ಎರಡು ವಾರ ಹೋದ ರಸಪುರಿ ತಳಿಯ ಮಾವಿನಲ್ಲಿ ಎಳಸು ಕಾಯಿ ಸೇರಿತ್ತು. ಎಷ್ಟು ದಿನ ಇಟ್ಟರೂ ಹಣ್ಣಾಗದೆ ಸಿಪ್ಪೆ ಸುಕ್ಕಾಯಿತು, ಬಾಯಿಗಿಟ್ಟರೆ ಒಗರು ಅಂತ ನೀವು ಹೇಳಿದ್ದು ನಿಜ. ಕಾಯಿ ಗುರುತಿಸುವುದನ್ನು ಕ್ಯಾಮೆರಾದ ಕಂಪ್ಯೂಟರಿಗೆ ಕಲಿಸಲು ನಾವು ಬಳಸಿದ ಫೋಟೋಗಳಲ್ಲಿ ಬಾದಾಮಿ ತಳಿಯ ಮಾವೇ ಹೆಚ್ಚಿತ್ತು, ರಸಪುರಿ ಕಡಿಮೆ. ಅದರ ಮೇಲೆ, ಫೋಟೋ ತೆಗೆದದ್ದು ಸಂಜೆ ಟ್ಯೂಬ್‌ಲೈಟಿನಲ್ಲಿ, ವಿಂಗಡಿಸಿದ್ದು ಹಗಲಲ್ಲಿ ನೀಲಿ ಟಾರ್ಪಾಲ್ ಕೆಳಗೆ. ಆ ಟಾರ್ಪಾಲ್ ಕೆಳಗೆ ನಿಂತರೆ ನಮ್ಮ ಮುಖವೇ ನೀಲಿ ಕಾಣುತ್ತದೆ, ಇನ್ನು ಹಣ್ಣಿನ ಪಾಡೇನು! ಈಗ ಕ್ಯಾಮೆರಾ ಸುತ್ತ ಕಪ್ಪು ಬಟ್ಟೆಯ ಗೂಡು ಕಟ್ಟಿ, ಒಳಗೆ ಒಂದೇ ಥರದ ಎಲ್‌ಇಡಿ ದೀಪ ಹಾಕಿದ್ದೇವೆ. ರಸಪುರಿಯ ಫೋಟೋಗಳನ್ನು ಹೊಸದಾಗಿ ತೆಗೆದು ಮತ್ತೆ ಕಲಿಸಿದ್ದೇವೆ. ಆ ಎರಡು ವಾರದ ಬಾಕ್ಸ್ ಪಡೆದವರು ಮಾತಾಡದೆ ಸುಮ್ಮನಿದ್ದರೂ ಸರಿ, ಅವರಿಗೆ ಮುಂದಿನ ಬಾಕ್ಸಿನಲ್ಲಿ ಒಂದು ಕೆಜಿ ಹೆಚ್ಚು ಬರುತ್ತದೆ.

ಈಗ ನಿಮ್ಮಲ್ಲಿ ಬಹಳ ಜನ ಕೇಳಿದ ಮಾತಿಗೆ ಬರುತ್ತೇನೆ. 'ಹಸಿರು ಹಣ್ಣು ಕಳಿಸಿದ್ದೀರಿ, ನಿಮ್ಮ ಕ್ಯಾಮೆರಾಕ್ಕೆ ಕಣ್ಣು ಕಾಣಲ್ಲವಾ?' ಮಲ್ಲೇಶ್ವರದ ಒಬ್ಬ ತಾಯಿಯಂತೂ, 'ಯಂತ್ರ ಬಂದ ಮೇಲೆ ಹಣ್ಣು ಹಳದಿ ಆಗೋದನ್ನೇ ಮರೆತಿದೆ ಕಣಪ್ಪ' ಅಂದರು. ನಗು ಬಂತು, ಬೇಜಾರೂ ಆಯಿತು.

ಅಮ್ಮಾ, ಹಳದಿ ಆಗಿದ್ದೆಲ್ಲ ಹಣ್ಣಲ್ಲ, ಹಸಿರಿದ್ದದ್ದೆಲ್ಲ ಕಾಯಲ್ಲ. ಬಾದಾಮಿ ಹಣ್ಣಾದರೆ ಬಣ್ಣ ತಿರುಗುತ್ತದೆ. ರಸಪುರಿ ಒಳಗೆಲ್ಲ ರಸವಾದರೂ ಸಿಪ್ಪೆಯಲ್ಲಿ ಅಲ್ಲಲ್ಲಿ ಹಸಿರು ಉಳಿಸಿಕೊಳ್ಳುತ್ತದೆ. ಸೇಂದೂರ ತಳಿಯ ಕೆಂಪು ಬಿಸಿಲು ಬಿದ್ದ ಮಗ್ಗುಲಿನದು, ಅದಕ್ಕೂ ಸಿಹಿಗೂ ನೆಂಟಸ್ತನ ಇಲ್ಲ. ಮರದಲ್ಲಿ ನಾವು ನೋಡುವುದು ಕಾಯಿ ಬಲಿತಿದೆಯೋ ಇಲ್ಲವೋ ಎಂಬುದನ್ನು. ತೊಟ್ಟಿನ ಅಕ್ಕಪಕ್ಕ ಹೆಗಲು ತುಂಬಿರಬೇಕು, ಸಿಪ್ಪೆಯ ಚುಕ್ಕೆ ಎದ್ದು ಕಾಣಬೇಕು, ಹಸಿರು ಸ್ವಲ್ಪ ಮಾಸಲಾಗಿರಬೇಕು. ನಮ್ಮ ಹಿರಿಯರು ನೀರಿನ ತೊಟ್ಟಿಗೆ ಹಾಕಿ ನೋಡುತ್ತಿದ್ದರು: ಮುಳುಗಿದ್ದು ಬಲಿತದ್ದು, ತೇಲಿದ್ದು ಎಳಸು. ಬಲಿತ ಕಾಯಿಯನ್ನು ಕೊಯ್ದಿಟ್ಟರೂ ಅದು ತಾನಾಗಿ ಹಣ್ಣಾಗುತ್ತದೆ. ಎಳಸನ್ನು ಏನು ಮಾಡಿದರೂ ಬಣ್ಣ ಬರಬಹುದೇ ಹೊರತು ರುಚಿ ಬರುವುದಿಲ್ಲ.

ಎಲ್ಲ ಹಣ್ಣೂ ಅಚ್ಚು ಹಾಕಿದಂತೆ ಒಂದೇ ಹಳದಿ ಇರುವುದನ್ನು ನೀವು ಎಲ್ಲಿ ನೋಡಿದ್ದೀರಿ ಅಂತ ನನಗೆ ಗೊತ್ತು. 'ಪೌಡರ್' ಅಂತ ಕರೆಯುವ ಕ್ಯಾಲ್ಸಿಯಂ ಕಾರ್ಬೈಡ್ ತೇವ ತಗುಲಿದರೆ ಅಸಿಟಿಲೀನ್ ಗಾಳಿ ಬಿಡುತ್ತದೆ. ಅದು ಸಿಪ್ಪೆಯನ್ನು ಬೇಗ ಹಳದಿ ಮಾಡುತ್ತದೆ, ಒಳಗೆ ಹುಳಿ ಹುಳಿಯಾಗಿಯೇ ಇರುತ್ತದೆ. ಆ ಪುಡಿಯಲ್ಲಿ ಆರ್ಸೆನಿಕ್‌ನ ವಿಷದ ಅಂಶ ಇರುತ್ತದೆ. ಹಣ್ಣು ಮಾಗಿಸಲು ಅದನ್ನು ಬಳಸಬಾರದು ಅಂತ 2011ರ ಆಹಾರ ಸುರಕ್ಷತಾ ನಿಯಮವೇ ಹೇಳುತ್ತದೆ. ಎಥಿಲೀನ್ ಅನಿಲವನ್ನು ಮಿತಿಯೊಳಗೆ ಬಳಸಬಹುದು. ನಾವು ಅದನ್ನೂ ಬಳಸುವುದಿಲ್ಲ, ಹುಲ್ಲಿನಲ್ಲಿ ಅಡೆ ಹಾಕುತ್ತೇವೆ, ಅಷ್ಟೆ. ಬಾಕ್ಸ್ ತೆರೆದಾಗ ಮೂರು ಬಣ್ಣ ಕಂಡರೆ ದಯವಿಟ್ಟು ಹೆದರಬೇಡಿ. ಪ್ರತಿ ಹಣ್ಣಿನ ಮೇಲೆ ಈಗ ಒಂದು ಚೀಟಿ ಇದೆ, ಯಾವ ದಿನ ಕೊಯ್ದು ತಿನ್ನಬೇಕು ಅಂತ. ಆ ದಿನದವರೆಗೆ ಹೊರಗೇ ಇಡಿ. ಹಣ್ಣಾಗದ ಮಾವನ್ನು ಫ್ರಿಜ್ಜಿಗೆ ತಳ್ಳಿದರೆ ಚಳಿಗೆ ಸಿಪ್ಪೆ ಕಪ್ಪಾಗುತ್ತದೆ, ಆಮೇಲೆ ಅದು ಸರಿಯಾಗಿ ಮಾಗುವುದೇ ಇಲ್ಲ. ಬಂದ ದೂರುಗಳಲ್ಲಿ ಹತ್ತಿರ ಹತ್ತಿರ ಅರ್ಧ ಫ್ರಿಜ್ಜಿನಿಂದ ಬಂದದ್ದು ಅನ್ನುವುದು ನನ್ನ ಗುಮಾನಿ. ಆದರೆ ಗ್ರಾಹಕರ ಜೊತೆ ವಾದ ಮಾಡಬಾರದು ಅಂತ ನಮ್ಮ ಅಧ್ಯಕ್ಷರು ಹೇಳಿದ್ದಾರೆ.

ಯಂತ್ರ ಅಂದರೆ ದೊಡ್ಡದೇನಲ್ಲ. ಸದಸ್ಯರೊಬ್ಬರ ಮಗಳು ಇಂಜಿನಿಯರಿಂಗ್ ಓದಿದವಳು, ತನ್ನ ಹಳೇ ಲ್ಯಾಪ್‌ಟಾಪ್ ತಂದು ಕೂತಳು. ಹಣ್ಣು ವಿಂಗಡಿಸುವುದರಲ್ಲೇ ತಲೆ ನೆರೆತ ನಮ್ಮ ನಾಲ್ಕು ಜನ ಹೆಂಗಸರು ಒಂದೊಂದೇ ಕಾಯಿ ಹಿಡಿದು 'ಇದು ಎರಡು ದಿನಕ್ಕೆ', 'ಇದು ಆರು ದಿನಕ್ಕೆ', 'ಇದು ಎಳಸು' ಅಂತ ಹೇಳಿದರು. ಅವಳು ಫೋಟೋ ತೆಗೆದು ಆ ಮಾತನ್ನೇ ಜೊತೆಗೆ ಬರೆದಿಟ್ಟಳು. ಹೇಳಿದ ದಿನಕ್ಕೆ ಹಣ್ಣು ಕತ್ತರಿಸಿ, ಒಂದು ತೊಟ್ಟು ರಸವನ್ನು ಸಕ್ಕರೆ ಅಳೆಯುವ ಕೊಳವೆಗೆ ಹಾಕಿ ನೋಡಿದೆವು. ಹೆಂಗಸರ ಮಾತು ತಪ್ಪಿದ್ದು ಬಹಳ ಕಡಿಮೆ. ಕ್ಯಾಮೆರಾ ಕಲಿತದ್ದು ಈ ಫೋಟೋಗಳಿಂದ, ಅಂದರೆ ಅದರ ಕಣ್ಣು ಅವರದೇ. 'ಆ ಅಮ್ಮಂದಿರನ್ನು ಮನೆಗೆ ಕಳಿಸಿಬಿಟ್ಟಿರಾ' ಅಂತ ಕೇಳಿದವರಿಗೆ: ಇಲ್ಲ, ನಾಲ್ವರೂ ಇದ್ದಾರೆ. ಪ್ರತಿ ಹಣ್ಣಿಗೂ ತನಗೆಷ್ಟು ಖಾತ್ರಿ ಅಂತ ಕ್ಯಾಮೆರಾ ಹೇಳುತ್ತದೆ. ಖಾತ್ರಿ ಇಲ್ಲದ್ದು ನೇರ ಅವರ ಕೈಗೇ ಹೋಗುತ್ತದೆ. ಇಮಾಂ ಪಸಂದ್ ತಳಿಯ ವಿಂಗಡಣೆ ಪೂರ್ತಿ ಅವರದೇ. ಬರುವುದೇ ನಾಲ್ಕು ಬುಟ್ಟಿ, ಕಲಿಸುವಷ್ಟು ಫೋಟೋ ಆಗಲಿಲ್ಲ.

ಕ್ಯಾಮೆರಾ ನೋಡುವುದು ಸಿಪ್ಪೆಯನ್ನು ಮಾತ್ರ. ಬಾದಾಮಿಯ ಒಳಗೆ ವಾಟೆಯ ಸುತ್ತ ತಿರುಳು ಬೆಳ್ಳಗೆ ಸ್ಪಂಜಿನಂತಾಗುವ ದೋಷ ಇದೆ, ಹೊರಗಿನಿಂದ ಯಾರಿಗೂ ಕಾಣದು. ಹಣ್ಣಿನ ನೊಣ ಚುಚ್ಚಿ ಮೊಟ್ಟೆಯಿಟ್ಟ ಗುರುತೂ ಎಷ್ಟೋ ಸಲ ಕಣ್ಣಿಗೆ ಬೀಳದು. ಅಂಥದ್ದು ಸಿಕ್ಕರೆ ಹಣ್ಣು ವಾಪಸ್ ಕಳಿಸಬೇಡಿ, ಕೊಯ್ದ ಫೋಟೋ ಒಂದು ಸಾಕು.

ಇನ್ನು ದುಡ್ಡಿನ ಮಾತು. 'ಯಂತ್ರದ ಸಾಲ ನಮ್ಮ ತಲೆಗೆ ಕಟ್ಟಿದ್ದೀರಿ' ಅಂತ ಒಬ್ಬರಲ್ಲ, ಹತ್ತು ಜನ ಬರೆದಿದ್ದೀರಿ. ಇದು ಮಾತ್ರ ನೋವಾಯಿತು. ಕ್ಯಾಮೆರಾ, ದೀಪ, ರೋಲರ್ ಮೋಟರ್ ಎಲ್ಲ ಸೇರಿದರೂ ನಾವು ಒಂದು ಸೀಸನ್ನಿಗೆ ಬಾಕ್ಸ್ ಅಚ್ಚು ಹಾಕಿಸುವ ಖರ್ಚಿಗಿಂತ ಕಡಿಮೆ, ಅದನ್ನು ಕೊಟ್ಟದ್ದು ಸದಸ್ಯರ ಷೇರು ಹಣ. ಹೆಚ್ಚಾದ 40 ರೂಪಾಯಿಯಲ್ಲಿ 12 ಕೊರಿಯರ್‌ಗೆ, 8 ರಟ್ಟಿಗೆ, ಉಳಿದ 20 ಕೊಯ್ಲಿಗೆ. ಮೊದಲು ಮರವನ್ನು ಒಂದೇ ದಿನ ಬೋಳಿಸುತ್ತಿದ್ದರು. ಈಗ ಎಳಸು ತಂದರೆ ಕ್ಯಾಮೆರಾ ಹಿಂದಕ್ಕೆ ತಳ್ಳುತ್ತದೆ, ಅದಕ್ಕೆ ಒಂದೇ ಮರಕ್ಕೆ ಮೂರು ಸಲ ಹತ್ತಬೇಕು. ಬಲೆ ಕಟ್ಟಿದ ದೋಟಿಯಲ್ಲಿ, ಸೊನೆ ಸಿಡಿಯದ ಹಾಗೆ ತೊಟ್ಟು ಉಳಿಸಿ ಕೊಯ್ಯುವ ಆಳುಗಳಿಗೆ ಮೂರು ದಿನದ ಕೂಲಿ. ಅದನ್ನು ಅವರಿಗೆ ಕೊಡದೆ ಇರಲಾಗುತ್ತದೆಯೇ?

ಇಲ್ಲಿನ ರೈತರೂ ನನ್ನ ಮೇಲೆ ಸಿಟ್ಟಾಗಿದ್ದಾರೆ, ಅದು ಬೇರೆ. ನಿನ್ನೆ ಒಬ್ಬರು ಎರಡು ಕ್ರೇಟ್ ಎಳಸು ವಾಪಸ್ ಹೊತ್ತು ಹೋಗುವಾಗ ಏನಂದರು ಅಂತ ಇಲ್ಲಿ ಬರೆಯಲಾರೆ. ಆದರೆ 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಹೊರ ರಾಜ್ಯದ ತೋತಾಪುರಿ ಮಾವನ್ನು ಒಳಗೆ ಬಿಡುವುದಿಲ್ಲ ಅಂದಾಗ, ಅಲ್ಲಿನ ಪಲ್ಪ್ (ಮಾವಿನ ತಿರುಳು) ಫ್ಯಾಕ್ಟರಿ ನಂಬಿಕೊಂಡಿದ್ದ ನಮ್ಮವರ ಕಾಯಿ ತೋಟದಲ್ಲೇ ಬಿದ್ದದ್ದನ್ನು ಅವರೂ ನೋಡಿದ್ದಾರೆ. ಹೆಸರಿಟ್ಟು ಕೇಳಿ ಕೊಳ್ಳುವ ನಿಮ್ಮಂಥ ಮನೆಗಳು ಎಷ್ಟು ಬೆಲೆಬಾಳುತ್ತವೆ ಅನ್ನುವುದು ಅವರಿಗೂ ಗೊತ್ತು, ನನಗೂ ಗೊತ್ತು.

ಈ ವಾರದಿಂದ ಮಲ್ಲಿಕಾ, ಜುಲೈಗೆ ನೀಲಂ. ಮಲ್ಲಿಕಾ ಬಂದ ಕೂಡಲೇ ಕೊಯ್ಯಬೇಡಿ, ಚೀಟಿಯ ದಿನ ಬಂದ ಮೇಲೂ ಒಂದು ದಿನ ತಡೆದರೆ ಇನ್ನೂ ಚೆನ್ನ. ಬಾಕ್ಸಿನ ಮೇಲಿರುವ ಫೋನ್ ನಂಬರು ನನ್ನದೇ. ಮಧ್ಯಾಹ್ನ ಲೋಡಿಂಗ್ ಹೊತ್ತಲ್ಲಿ ಎತ್ತದಿದ್ದರೆ ಬೈಯಬೇಡಿ, ರಾತ್ರಿ ನಾನೇ ಮಾಡುತ್ತೇನೆ.

ಇಂತಿ ನಿಮ್ಮ,
ಕಾರ್ಯದರ್ಶಿ