ಕಮ್ಯುನಿಟಿ ಕಾಲೇಜೆಂದರೆ ಮೂಗು ಮುರಿಯುವುದೇಕೆ?

ಮಾನ್ಯ ಸಂಪಾದಕರೇ,

ಏಪ್ರಿಲ್ ಬಂತೆಂದರೆ ಕ್ಯಾಲಿಫೋರ್ನಿಯಾದ ಕನ್ನಡದ ಮನೆಗಳಲ್ಲಿ ಯಾರ ಮಗುವಿಗೆ ಯಾವ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತೆಂಬುದೇ ಮಾತು. ಬರ್ಕ್ಲಿ, ಲಾಸ್ ಏಂಜಲೀಸ್ ಎಂದು ಹೇಳಬಲ್ಲವರು ದನಿಯೆತ್ತಿ ಹೇಳುತ್ತಾರೆ. ಮಗುವನ್ನು ಕಮ್ಯುನಿಟಿ ಕಾಲೇಜಿಗೆ, ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜಿಗೆ, ಸೇರಿಸಿದವರು ಮಾತು ತೇಲಿಸಿಬಿಡುತ್ತಾರೆ. ಗಂಡನ ಕೆಲಸದ ವೀಸಾವನ್ನು ಅವಲಂಬಿಸಿ ಇಲ್ಲಿಗೆ ಬಂದು, ಅಂಥದೇ ಒಂದು ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಕಲಿತವಳು ನಾನು. ಈಗ ನನ್ನ ಮಗಳೂ ಅಲ್ಲಿಯೇ ಓದುತ್ತಿದ್ದಾಳೆ. ಈ ಸಂಕೋಚವನ್ನು ನಾವು ಬಿಡಬೇಕೆಂದು ಕೇಳಿಕೊಳ್ಳಲು ಈ ಪತ್ರ.

ಈ ಕಾಲೇಜುಗಳು ಸೀಟು ಸಿಗದವರಿಗಾಗಿ ತೆರೆದ ಅಂಗಡಿಗಳಲ್ಲ. 1960ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ಉನ್ನತ ಶಿಕ್ಷಣಕ್ಕೆ ಒಂದು ಸಮಗ್ರ ಯೋಜನೆ ರೂಪಿಸಿದಾಗ, ಪ್ರೌಢಶಾಲೆ ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗವನ್ನು ಬರ್ಕ್ಲಿಯಂಥ ಕ್ಯಾಂಪಸ್‌ಗಳಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೂ, ಮೇಲಿನ ಮೂರನೇ ಒಂದು ಭಾಗವನ್ನು ರಾಜ್ಯದ ಇನ್ನೊಂದು ಸರ್ಕಾರಿ ವ್ಯವಸ್ಥೆಯಾದ ಸ್ಟೇಟ್ ವಿಶ್ವವಿದ್ಯಾಲಯಕ್ಕೂ ಗೊತ್ತುಮಾಡಿ, ಕಲಿಯಬಲ್ಲ ಯಾರೇ ಬಂದರೂ ಸೇರಿಸಿಕೊಳ್ಳುವ ಹೊಣೆಯನ್ನು ಎರಡು ವರ್ಷದ ಕಾಲೇಜುಗಳಿಗೆ ಒಪ್ಪಿಸಿತು. ಅಲ್ಲಿಂದ ಮುಂದಿನ ಎರಡು ವರ್ಷಕ್ಕೆ ವಿಶ್ವವಿದ್ಯಾಲಯಕ್ಕೆ ದಾಟಿಕೊಳ್ಳುವ ದಾರಿಯನ್ನೂ ಅದೇ ಯೋಜನೆ ಹಾಕಿಕೊಟ್ಟಿತು. ಇಂದು ರಾಜ್ಯದಲ್ಲಿ ಇಂಥ 116 ಕಾಲೇಜುಗಳಿವೆ. ಸ್ಟೇಟ್ ವಿಶ್ವವಿದ್ಯಾಲಯದ ಪದವೀಧರರಲ್ಲಿ ಸುಮಾರು ಅರ್ಧದಷ್ಟು ಮಂದಿ ಓದು ಶುರುಮಾಡಿದ್ದು ಇಲ್ಲಿಯೇ. ಡೇವಿಸ್, ಅರ್ವೈನ್, ಸಾಂಟಾ ಕ್ರೂಜ್ ಸೇರಿದಂತೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ 6 ಕ್ಯಾಂಪಸ್‌ಗಳು, ಗೊತ್ತಾದ ವಿಷಯಗಳಲ್ಲಿ ಗೊತ್ತಾದ ಅಂಕ ಗಳಿಸಿದ ಕಮ್ಯುನಿಟಿ ಕಾಲೇಜಿನ ಮಕ್ಕಳಿಗೆ ಪ್ರವೇಶದ ಖಾತರಿಯನ್ನೇ ಕೊಡುತ್ತವೆ.

ಇನ್ನು ಖರ್ಚು. 1984ರವರೆಗೆ ಇಲ್ಲಿ ರಾಜ್ಯದ ನಿವಾಸಿಗಳಿಗೆ ಬೋಧನಾ ಶುಲ್ಕವೇ ಇರಲಿಲ್ಲ. 2012ರಿಂದ ಅದು ಯೂನಿಟ್‌ಗೆ, ಅಂದರೆ ಒಂದು ಅವಧಿಯುದ್ದಕ್ಕೂ ವಾರಕ್ಕೆ ಸುಮಾರು ಒಂದು ಗಂಟೆಯ ಪಾಠಕ್ಕೆ, 46 ಡಾಲರ್. ವರ್ಷಕ್ಕೆ 30 ಯೂನಿಟ್ ಓದಿದರೂ 1,380 ಡಾಲರ್ ಆಗುತ್ತದೆ; ಅದೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವರ್ಷದ ಶುಲ್ಕ 14 ಸಾವಿರವನ್ನು ದಾಟುತ್ತದೆ. ಕಡಿಮೆ ಆದಾಯದವರಿಗೆ ಆ 46 ಡಾಲರೂ ಮನ್ನಾ. ಇಷ್ಟನ್ನು ಓದಿ ಕರ್ನಾಟಕದ ತಂದೆತಾಯಂದಿರು ಮಕ್ಕಳನ್ನು ಇಲ್ಲಿಗೆ ಕಳುಹಿಸಲು ಮುಂದಾಗಬಾರದೆಂದು ಒಂದು ಎಚ್ಚರಿಕೆಯನ್ನೂ ಹೇಳಬೇಕು: ವಿದ್ಯಾರ್ಥಿ ವೀಸಾದಲ್ಲಿ ಬರುವವರಿಗೆ ಈ ದರ ಅನ್ವಯಿಸುವುದಿಲ್ಲ, ಅವರು ಕಟ್ಟಬೇಕಾದದ್ದು ಇದರ ಹಲವು ಪಟ್ಟು. ನಾನು ಬಂದ ಹೊಸದರಲ್ಲಿ, ರಾಜ್ಯದಲ್ಲಿ ಒಂದು ವರ್ಷದ ವಾಸ ಪೂರೈಸುವ ಮೊದಲು, ನನಗೂ ಆ ಹೊರಗಿನವರ ದರವೇ ಬಿದ್ದಿತ್ತು. ಆ ವರ್ಷ ಒಂದೇ ಒಂದು ವಿಷಯ ಓದಿ ಸುಮ್ಮನಾದೆ.

ಆದರೆ ಆ ಒಂದು ತರಗತಿಯಲ್ಲಿ ಕಂಡದ್ದನ್ನು ಮರೆಯಲಾರೆ. ನನ್ನ ಪಕ್ಕದಲ್ಲಿ ಕೂರುತ್ತಿದ್ದ ವಿಯೆಟ್ನಾಂ ಮೂಲದ ಹೆಂಗಸಿಗೆ ಅರವತ್ತರ ಮೇಲಾಗಿತ್ತು. ಅವರ ಹಿಂದಿನ ಬೆಂಚಿನಲ್ಲಿ, ಗೋದಾಮಿನ ರಾತ್ರಿಪಾಳಿ ಮುಗಿಸಿ ನೇರವಾಗಿ ಬರುತ್ತಿದ್ದ ಮೆಕ್ಸಿಕೋ ಮೂಲದ ಹುಡುಗ ಇರುತ್ತಿದ್ದ. ಲೆಕ್ಕದಲ್ಲಿ ಅವನು ನಮ್ಮೆಲ್ಲರಿಗಿಂತ ಚುರುಕು. ನನಗೆ ಅರ್ಥವಾಗದ ಜಮಾಖರ್ಚನ್ನು ಎಷ್ಟೋ ಸಲ ಅವನೇ ಬಿಡಿಸಿ ಹೇಳಿದ್ದುಂಟು. ಅರ್ಧ ಅವಧಿ ಕಳೆದ ಮೇಲೆ ಅವನು ಬರುವುದು ನಿಂತಿತು. ಪಾಳಿ ಬದಲಾಗಿತ್ತಂತೆ. ರಾಜ್ಯದ ಈ ಕಾಲೇಜುಗಳಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ವಿದ್ಯಾರ್ಥಿಗಳು ಲ್ಯಾಟಿನೋ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಮನೆಗಳವರು, ಮತ್ತು ಅವರಲ್ಲಿ ಹಲವರು ಆ ಹುಡುಗನಂತೆ ದುಡಿಯುತ್ತಲೇ ಓದುವವರು. ಕೋವಿಡ್ ಕಾಲದಲ್ಲಿ ಇಲ್ಲಿನ ದಾಖಲಾತಿ ಲಕ್ಷಗಳ ಲೆಕ್ಕದಲ್ಲಿ ಕುಸಿದಾಗ ನನಗೆ ಮೊದಲು ನೆನಪಾದದ್ದು ಅವನೇ.

ಕಾಲೇಜುಗಳ ಕೊರತೆಯನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ. ವಿಶ್ವವಿದ್ಯಾಲಯಕ್ಕೆ ದಾಟಬೇಕೆಂದು ಸೇರಿದವರಲ್ಲಿ ನಾಲ್ಕು ವರ್ಷದೊಳಗೆ ದಾಟಿದವರು ಐವರಲ್ಲಿ ಒಬ್ಬರಷ್ಟೇ ಎಂದು ರಾಜ್ಯದ ಲೆಕ್ಕಪರಿಶೋಧಕರು 2024ರಲ್ಲಿ ವರದಿ ಕೊಟ್ಟಿದ್ದಾರೆ. ಇದನ್ನೇ ಹಿಡಿದು ಕಾಲೇಜನ್ನು ಹಳಿಯುವವರು, ಶುಲ್ಕ ಮನ್ನಾ ಆದರೂ ಬಾಡಿಗೆ ಮನ್ನಾ ಆಗುವುದಿಲ್ಲ ಎಂಬುದನ್ನು ಯೋಚಿಸಬೇಕು. ಮೊದಲ ಎರಡು ವರ್ಷದ ಶುಲ್ಕವನ್ನು ಆದಾಯ ನೋಡದೆ ಬಿಟ್ಟುಕೊಡಲು 2017 ಮತ್ತು 2019ರ ಕಾನೂನುಗಳು ಅವಕಾಶ ಕೊಟ್ಟವು. ಆದರೆ ಅದು ಪೂರ್ಣಾವಧಿ, ಅಂದರೆ ಅವಧಿಗೆ ಕನಿಷ್ಠ 12 ಯೂನಿಟ್, ಓದುವವರಿಗೆ ಮಾತ್ರ. ಬಹುಪಾಲು ವಿದ್ಯಾರ್ಥಿಗಳು ಅಷ್ಟು ಓದಲು ಬಿಡುವಿಲ್ಲದವರು. ಬಡವರ ಪಟ್ಟಿಗೂ ಸೇರದೆ, ಪೂರ್ಣಾವಧಿಗೂ ಸಿಗದೆ ನಡುವೆ ಉಳಿದವರಿಗೆ, ಆರು ಯೂನಿಟ್ ಓದಿದರೂ ಸರಿ, ಈ ಸವಲತ್ತು ದೊರೆಯುವಂತಾಗಬೇಕು.

ನನ್ನ ಮಗಳು 12 ಯೂನಿಟ್ ಓದುತ್ತಿದ್ದಾಳೆ, ಏಕೆಂದರೆ ಅವಳಿಗೆ ಮನೆಯಲ್ಲಿ ಕೋಣೆಯಿದೆ, ರಾತ್ರಿ ಬಿಸಿ ಅನ್ನ ಸಾರು ಇದೆ, ಓಡಾಡಲು ಅಪ್ಪನ ಹಳೆಯ ಕಾರಿದೆ. ಓದಿನ ದೊಡ್ಡ ಖರ್ಚನ್ನು ನಾವು ಲೆಕ್ಕವಿಡದೆ ಕೊಡುತ್ತಿದ್ದೇವೆ. ಇಷ್ಟೆಲ್ಲ ಅನುಕೂಲವಿರುವ ನಮ್ಮ ಮನೆಗಳೇ ಆ ಕಾಲೇಜಿನ ಹೆಸರು ಹೇಳಲು ತಲೆ ತಗ್ಗಿಸಿದರೆ, ಏನೂ ಇಲ್ಲದೆ ಪಾಳಿಯ ನಡುವೆ ಓದಲು ಬರುವವರನ್ನು ನಾವು ಯಾವ ಕಣ್ಣಿನಿಂದ ನೋಡಿದಂತಾಯಿತು? ಮುಂದಿನ ಯುಗಾದಿಯ ಹೊತ್ತಿಗೆ ನಮ್ಮ ಕನ್ನಡ ಕೂಟಗಳು ಮಕ್ಕಳನ್ನು ವೇದಿಕೆಗೆ ಕರೆದು ಗೌರವಿಸುವಾಗ, ಈ ಕಾಲೇಜುಗಳಿಂದ ದಾಟಿ ಪದವಿ ಪಡೆದವರನ್ನೂ ಕಾಲೇಜಿನ ಹೆಸರು ಹೇಳಿಯೇ ಕರೆಯಲಿ.

ಇಂತಿ,
ಒಬ್ಬ ಓದುಗಿ, ಸನ್ನಿವೇಲ್, ಕ್ಯಾಲಿಫೋರ್ನಿಯಾ