ಮಕ್ಕಳಿಂದ ಘೋಷಣೆ ಕೂಗಿಸಿದರೆ ಸಾಲದು

ಮಾನ್ಯರೇ,

ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಬಂತೆಂದರೆ ಶಾಲೆಗಳಲ್ಲಿ ಪ್ರೇರಣಾ ಕಾರ್ಯಕ್ರಮಗಳು ಶುರುವಾಗುತ್ತವೆ. ಮೈಕ್ ಹಿಡಿದವರು 'ನಾನೇ ನಂಬರ್ ಒನ್' ಎಂದು ಮಕ್ಕಳಿಂದ ಕೂಗಿಸುತ್ತಾರೆ. ಚೆನ್ನಾಗಿ ಓದುವವರು ಜೋರಾಗಿ ಕೂಗುತ್ತಾರೆ. ಹಿಂದಿನ ಬೆಂಚಿನವರ ತುಟಿ ಅಲ್ಲಾಡುತ್ತದೆ, ಅಷ್ಟೇ. ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ನನಗೆ ಆ ಮಕ್ಕಳದ್ದೇ ಚಿಂತೆ.

ಗಣಿತದಲ್ಲಿ ಫೇಲಾದ ಹುಡುಗಿ ತಾನೇ ನಂಬರ್ ಒನ್ ಎಂದರೆ ಅವಳ ಮನಸ್ಸು ಒಪ್ಪಬೇಕಲ್ವಾ? ಕೆನಡಾದ ಮನೋವಿಜ್ಞಾನಿ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೀಳರಿಮೆ ಇದ್ದವರು 'ನಾನು ಪ್ರೀತಿಗೆ ಅರ್ಹ' ಎಂದು ಮತ್ತೆ ಮತ್ತೆ ಹೇಳಿಕೊಂಡು ಇನ್ನಷ್ಟು ಕುಗ್ಗಿದ್ದರು.

ತನಗೆ ತಾನು ಧೈರ್ಯ ಹೇಳಿಕೊಳ್ಳುವುದು ಖಂಡಿತ ಬೇಕು. ಆದರೆ ಹೇಳಿಕೊಳ್ಳುವ ಮಾತು ನಿಜ ಇರಬೇಕು. ನಮ್ಮ ತರಗತಿಯ ಒಬ್ಬಳು ವರ್ಗಸಮೀಕರಣದ ಲೆಕ್ಕ ತಪ್ಪಿತೆಂದು ಗೊತ್ತಾದ ಕೂಡಲೇ, ಯಾರಾದರೂ ನೋಡುವ ಮೊದಲೇ ಪೂರ್ತಿ ಅಳಿಸಿಬಿಡುತ್ತಿದ್ದಳು. 'ನನ್ನ ತಲೀಗೆ ಹತ್ತೂದಿಲ್ರಿ ಟೀಚರ್' ಎನ್ನುತ್ತಿದ್ದಳು. ಅಳಿಸಬೇಡ, ಎಲ್ಲಿವರೆಗೆ ಸರಿ ಇದೆ ಅಷ್ಟು ಹೇಳು ಎಂದೆ. 'ಸೂತ್ರ ಸರಿ ಅದರಿ. ಬೆಲೆ ಹಾಕಿದ್ದೂ ಸರಿ ಅದ. ಮೈನಸ್ ಬಿಟ್ಟೀನಿ.' ಈಗ ತಪ್ಪಾದಾಗಲೆಲ್ಲ ಹೀಗೇ ಮೆಲ್ಲಗೆ ತನಗೆ ತಾನೇ ಹೇಳಿಕೊಳ್ಳುತ್ತಾಳೆ. ಒಮ್ಮೊಮ್ಮೆ ತನ್ನ ಹೆಸರನ್ನೇ ಕರೆದು, ಗೆಳತಿಗೆ ಹೇಳುವ ಹಾಗೆ. ಇದಕ್ಕೂ ಆಧಾರ ಇದೆ. ಅಮೆರಿಕದ ಮನೋವಿಜ್ಞಾನಿ ಈಥನ್ ಕ್ರಾಸ್ ಮತ್ತು ಸಂಗಡಿಗರ 2014ರ ಅಧ್ಯಯನದಲ್ಲಿ, ತಮ್ಮನ್ನು ತಾವೇ ಹೆಸರು ಹಿಡಿದು ಮಾತಾಡಿಸಿಕೊಂಡವರಿಗೆ ಭಾಷಣ ಮಾಡುವಾಗಿನ ಆತಂಕ ಕಡಿಮೆಯಾಗಿತ್ತು. ನಮ್ಮ ಹುಡುಗಿಗೆ ಆ ಅಧ್ಯಯನ ಗೊತ್ತಿಲ್ಲ. ಆದರೂ ಈಗ ಕರೆದರೆ ಬೋರ್ಡ್ ಹತ್ತಿರ ಬರುತ್ತಾಳೆ. ನನಗೆ ಅದು ಅಂಕಕ್ಕಿಂತ ದೊಡ್ಡದು.

ಪಾಲಕರ ಸಭೆಗೆ ಬಂದವರು ಮಗಳ ಎದುರಿಗೇ 'ಲೆಕ್ಕದಾಗ ದಡ್ಡ ಅದಾಳ್ರಿ' ಎಂದುಬಿಡುತ್ತಾರೆ. ಪ್ರೀತಿ ಇಲ್ಲದೆ ಹಾಗೆ ಅನ್ನುವುದಿಲ್ಲ, ನನಗೆ ಗೊತ್ತು. ಆದರೆ ಪರೀಕ್ಷೆಯ ಹಿಂದಿನ ರಾತ್ರಿ ಆ ಮಾತು ಅವಳ ಬಾಯಲ್ಲೇ ಬರುತ್ತದೆ.

ಪಾಸಾಗಲು ಬೇಕಾದಷ್ಟನ್ನು ಆರಿಸಿಕೊಡುವ 'ಪಾಸಿಂಗ್ ಪ್ಯಾಕೇಜ್' ತಯಾರಿಸಿ ಕೊಡುವ ಶಿಕ್ಷಣ ಇಲಾಖೆ, ತಪ್ಪಾದಾಗ ಮಗು ತನ್ನ ಜೊತೆ ಹೇಗೆ ಮಾತಾಡಿಕೊಳ್ಳಬೇಕು ಅನ್ನುವುದನ್ನೂ ಶಿಕ್ಷಕರ ತರಬೇತಿಯಲ್ಲಿ ಸೇರಿಸಲಿ. ಜಾಸ್ತಿ ಕುಗ್ಗಿಹೋದ ಮಕ್ಕಳಿಗಾಗಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಇದೆ. ಉಚಿತ, ಕನ್ನಡದಲ್ಲೂ ಮಾತಾಡಬಹುದು. ಅದರ ಸಂಖ್ಯೆ 14416 ಪ್ರತಿ ಹತ್ತನೇ ತರಗತಿಯ ಗೋಡೆಯ ಮೇಲೆ ಇರಲಿ.

– ಗಣಿತ ಶಿಕ್ಷಕಿ, ಹಾವೇರಿ ಜಿಲ್ಲೆ